ಕಾಯಕದ ನೆಲೆಯಲ್ಲಿ ಶರಣುಭಾವ

ಮನುಷ್ಯನ ಎಚ್ಚರದ ವೇಳೆಯ ಬಹುಭಾಗವು ದುಡಿಮೆಯ ಸ್ಥಳದಲ್ಲಿಯೇ ಕಳೆಯುತ್ತದೆ. ಅದು ಹೊಲವಾಗಲಿ, ಅಂಗಡಿಯಾಗಲಿ, ಕಾರ್ಖಾನೆಯಾಗಲಿ, ಕಚೇರಿಯಾಗಲಿ, ಅಲ್ಲಿ ಆತನು ಕೈಯಿಂದ ಕೆಲಸ ಮಾಡುವುದು ಮಾತ್ರವಲ್ಲ. ಇತರರ ಮಾತನ್ನು ಕೇಳುವನು, ಇತರರೊಡನೆ ಮಾತನಾಡುವನು, ಮಾನವನ್ನು ಪಡೆಯುವನು, ಇಲ್ಲವೆ ಕಳೆದುಕೊಳ್ಳುವನು. ಮುಂಜಾನೆ ಒಂದು ತಾಸು ಲಿಂಗಪೂಜೆಯಲ್ಲಿ ಕುಳಿತು, ಬಳಿಕ ಎಂಟು ತಾಸು ಕೈಕೆಳಗಿನವರನ್ನು ಗದರಿಸುತ್ತ ಕಳೆಯುವವನ ದಿನವು ಪೂಜೆಯ ದಿನವೆನಿಸುವುದೋ ಗದರಿಕೆಯ ದಿನವೆನಿಸುವುದೋ ವಿಚಾರ ಮಾಡಬೇಕಾಗಿದೆ. ಹನ್ನೆರಡನೆಯ ಶತಮಾನದ ಶಿವಶರಣರು ಪೂಜೆಗೊಂದು ಬದುಕು, ದುಡಿಮೆಗೊಂದು ಬದುಕು ಎಂದು ಬಾಳನ್ನು ಇಬ್ಭಾಗ ಮಾಡಲಿಲ್ಲ. ಆದಕಾರಣ ದುಡಿಯುವ ಸ್ಥಳದಲ್ಲಿ ಒಬ್ಬರು ಇನ್ನೊಬ್ಬರೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯು ಶರಣಧರ್ಮದಲ್ಲಿ ಹೊರಗಿನ ಲೌಕಿಕ ಪ್ರಶ್ನೆಯಲ್ಲ. ಅದು ಸಾಧನೆಯ ನಡುವೆಯೇ ಇರುವ ಪ್ರಶ್ನೆ.

ಏಕಮುಖವಾದ ಬೋಧೆ

ಕಾಯಕತತ್ತ್ವವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದ ಸಂಸ್ಥೆಗಳು ಅನೇಕ. ಅದನ್ನು ಓದಿ ಕಲಿಯಬೇಕಾದವನು ಕೂಲಿಕಾರನು, ಜವಾನನು, ಗುಮಾಸ್ತನು ಎಂಬುದು ಬರೆಯಿಸಿದವರ ಭಾವನೆಯಾಗಿರುವುದೇ ಹೆಚ್ಚು. ದುಡಿಮೆಯು ಪವಿತ್ರವಾದುದು, ಆದುದರಿಂದ ಗೊಣಗದೆ ದುಡಿ ಎಂದು ಹೇಳಲು ಈ ತತ್ತ್ವವು ಒದಗುತ್ತದೆ. ಆದರೆ ಆ ಬರಹವು ಯಜಮಾನನ ಕುರ್ಚಿಗೂ ಎದುರಾಗಿಯೇ ಇರುತ್ತದೆ. ದುಡಿಮೆಯು ಪವಿತ್ರವಾದುದಾದರೆ ದುಡಿಯುವವನೂ ಪವಿತ್ರನಾಗಬೇಕಲ್ಲವೆ? ಲಿಂಗವು ಪೂಜ್ಯ, ಲಿಂಗವನ್ನು ಧರಿಸಿದ ಅಂಗವು ಹೀನ ಎಂದು ಹೇಳುವುದು ಹೇಗೆ ಅಸಂಗತವೋ, ಕಾಯಕವು ಶ್ರೇಷ್ಠ, ಕಾಯಕ ಮಾಡುವವನು ಕನಿಷ್ಠ ಎಂದು ನಡೆದುಕೊಳ್ಳುವುದೂ ಹಾಗೆಯೇ ಅಸಂಗತ. ಗೌರವವಿಲ್ಲದೆ ಮಾಡಿಸಿಕೊಂಡುದು ದುಡಿತವಾದೀತು, ಕಾಯಕವಾಗದು. ಕಾಯಕವನ್ನು ಕಾಯಕವಾಗಿ ಉಳಿಸುವ ಹೊಣೆಯು ಮಾಡುವವನಿಗಿಂತ ಮೊದಲು ಮಾಡಿಸುವವನ ಮೇಲಿದೆ. ಶರಣರ ನಡೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಹೆಸರಿನಲ್ಲಿರುವ ಪಾಠ

ಇದಕ್ಕೆ ಮೊದಲನೆಯ ಸಾಕ್ಷಿ ಶರಣರ ಹೆಸರುಗಳೇ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಈ ಹೆಸರುಗಳನ್ನು ನಿತ್ಯವೂ ಉಚ್ಚರಿಸುವವರು ಅವುಗಳ ರಚನೆಯನ್ನು ಗಮನಿಸುವುದು ಅಪರೂಪ. ಪ್ರತಿಯೊಂದರಲ್ಲಿಯೂ ಮುಂದೆ ಕಸುಬು ನಿಂತಿದೆ. ಹಿಂದೆ ಗೌರವ ನಿಂತಿದೆ. ಬಟ್ಟೆ ಒಗೆಯುವುದು, ಬುಟ್ಟಿ ಹೆಣೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ದನ ಕಾಯುವುದು, ನೂಲು ತೆಗೆಯುವುದು, ಭತ್ತ ಕುಟ್ಟುವುದು ಎಂಬ ಕೆಲಸಗಳನ್ನು ಯಾರೂ ಮರೆಮಾಡಲಿಲ್ಲ. ಅವುಗಳಿಗೆ ಬೇರೆ ಹೊಳಪಿನ ಹೆಸರನ್ನು ಹುಡುಕಲೂ ಇಲ್ಲ. ಕೆಲಸವನ್ನು ಅದರ ನಿಜವಾದ ಹೆಸರಿನಿಂದಲೇ ಕರೆದು, ಅದರ ಕೊನೆಗೆ ಅಯ್ಯ, ಅಣ್ಣ, ಅಮ್ಮ, ಅವ್ವೆ ಎಂಬ ಮಾನದ ನುಡಿಯನ್ನು ಜೋಡಿಸಿದರು. ಅಂದಿನ ಲೋಕದಲ್ಲಿ ಕಸುಬಿನ ಹೆಸರು ಹಳಿಯುವುದಕ್ಕೆ ಬಳಕೆಯಾಗುತ್ತಿತ್ತು. ಅದೇ ಹೆಸರನ್ನು ಶರಣರು ಬಿರುದನ್ನಾಗಿ ಮಾಡಿದರು.

ಇಂದಿನ ಕಚೇರಿಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯನ್ನು ಕಾಣಬಹುದು. ಇಪ್ಪತ್ತು ವರ್ಷ ಬಾಗಿಲು ಕಾಯ್ದವನಿಗೆ ಒಂದು ಹೆಸರಿದೆಯೆಂಬುದು ಕೆಲವರಿಗೆ ತಿಳಿಯದು. ಗಂಟೆಯ ಸದ್ದೇ ಆತನ ಹೆಸರು. ಕಸ ಗುಡಿಸುವ ತಾಯಿಯ ಹೆಸರು ಹಾಜರಿ ಪುಸ್ತಕದಲ್ಲಿದ್ದರೂ ಯಾರ ನಾಲಗೆಯ ಮೇಲೂ ಇಲ್ಲ. ಕನ್ನಡ ಭಾಷೆಯು ಈ ವಿಷಯದಲ್ಲಿ ಯಾರಿಗೂ ನೆಪ ಹೇಳಗೊಡುವುದಿಲ್ಲ. ‘ಬಾರೋ’ ಎನ್ನುವುದಕ್ಕೂ ‘ಬನ್ನಿ’ ಎನ್ನುವುದಕ್ಕೂ ಹಿಡಿಯುವ ಉಸಿರು ಒಂದೇ. ಮೂವತ್ತು ವರ್ಷದ ಅಧಿಕಾರಿಯು ಐವತ್ತೈದು ವರ್ಷದ ಜವಾನನನ್ನು ಏಕವಚನದಲ್ಲಿ ಕರೆಯುವಾಗ, ಕಚೇರಿಯ ಯಾವ ನಿಯಮವೂ ಅದನ್ನು ಆತನಿಗೆ ಕಲಿಸಿಲ್ಲ. ಕುರ್ಚಿಯ ಅಹಂಕಾರವೇ ಕಲಿಸಿದೆ. ಮನ್ನಣೆಯ ಸಂಬೋಧನೆಯಲ್ಲಿ ಸ್ವರ್ಗವಿದೆ, ತಿರಸ್ಕಾರದ ಸಂಬೋಧನೆಯಲ್ಲಿ ನರಕವಿದೆ ಎಂಬ ಅಭಿಪ್ರಾಯವನ್ನು ಬಸವಣ್ಣನವರು ಒಂದು ವಚನದಲ್ಲಿ ತಿಳಿಸಿದ್ದಾರೆ. ಸ್ವರ್ಗನರಕಗಳು ಸತ್ತ ಬಳಿಕ ಕಾಣುವ ಲೋಕಗಳಲ್ಲ; ಒಬ್ಬರು ಇನ್ನೊಬ್ಬರನ್ನು ಕರೆಯುವ ಕ್ಷಣದಲ್ಲಿ ಹುಟ್ಟುವ ಸ್ಥಿತಿಗಳು ಎಂಬುದೇ ಅದರ ತಾತ್ಪರ್ಯ.

ಹರಳಯ್ಯನಿಗೆ ದೊರೆತ ಮರುವಂದನೆ

ಪರಂಪರೆಯು ಹೇಳುವ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಕಲ್ಯಾಣದಲ್ಲಿ ಪಾದರಕ್ಷೆ ಮಾಡುತ್ತಿದ್ದ ಹರಳಯ್ಯನು ದಾರಿಯಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದು ವಂದಿಸಿದನು. ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಮಾಡಿದರು. ತಾನು ಸಲ್ಲಿಸಿದ ಒಂದು ಶರಣಿಗೆ ಇಮ್ಮಡಿಯಾಗಿ ಮರಳಿದ ಆ ಗೌರವವನ್ನು ಹರಳಯ್ಯನು ಹೊರಲಾರದ ಋಣವೆಂದು ಬಗೆದನು. ಆತನೂ ಆತನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದರೆಂದೂ, ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿರಿಸಿಕೊಂಡರೆಂದೂ ಕಥೆಯು ಮುಂದುವರಿಯುವುದು.

ಈ ಕಥೆಯನ್ನು ಕೇಳುವವರ ಮನಸ್ಸು ಹರಳಯ್ಯ ದಂಪತಿಗಳ ತ್ಯಾಗದ ಮೇಲೆ ನಿಲ್ಲುವುದು ಸಹಜ. ಆದರೆ ಕಥೆಯು ಹೊರಡುವ ಸ್ಥಳವನ್ನು ಮರೆಯಬಾರದು. ಒಂದು ವಂದನೆಗೆ ಒಬ್ಬ ಮನುಷ್ಯನು ಅಷ್ಟೊಂದು ಕದಲಿಹೋಗಬೇಕಾದರೆ, ಅದಕ್ಕೆ ಮುಂಚೆ ಆತನಿಗೆ ಲೋಕದಿಂದ ಎಷ್ಟು ವಂದನೆಗಳು ದೊರೆತಿದ್ದವು? ಬಹುಶಃ ಒಂದೂ ಇಲ್ಲ. ಮೇಲಿನವನಿಗೆ ಅತ್ಯಲ್ಪವೆನಿಸುವ ಮಾತು ಕೆಳಗಿನವನಿಗೆ ಬದುಕಿನ ಭಾಗ್ಯವೆನಿಸುವುದು ಅವನ ಅಲ್ಪತೆಯಿಂದಲ್ಲ, ಲೋಕದ ಜಿಪುಣತನದಿಂದ. ಇದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಶರಣನಾದ ಮಧುವರಸನ ಮಗಳಿಗೂ ಮದುವೆ ನಡೆದಾಗ, ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಸಮಾನವಾಗಿ ಕಾಣುವುದಕ್ಕೆ ಶರಣರು ತೆತ್ತ ಬೆಲೆ ಅದು. ಇಂದು ಸಹೋದ್ಯೋಗಿಗೆ ಮರುವಂದನೆ ಮಾಡುವುದಕ್ಕೆ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ಹಾಗಿದ್ದೂ ಅದು ದುರ್ಲಭವಾಗಿರುವುದು ವಿಷಾದಕರವಲ್ಲವೆ?

ಏಳರಲ್ಲಿ ನಾಲ್ಕು

ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗೆಂದು ಏಳು ನಿಷೇಧಗಳನ್ನು ಒಂದು ವಚನದಲ್ಲಿ ಹೇಳಿರುವುದು ಸರ್ವವಿದಿತ. ಕಳವು, ಕೊಲೆ, ಹುಸಿನುಡಿ ಎಂಬ ಮೂರು ಮೊದಲು ಬರುತ್ತವೆ. ಉಳಿದ ನಾಲ್ಕು ಯಾವುವು? ಕೋಪ, ಅನ್ಯರ ವಿಷಯದಲ್ಲಿ ಅಸಹ್ಯಭಾವ, ಆತ್ಮಪ್ರಶಂಸೆ, ಪರನಿಂದೆ. ಕಳವಿಗೆ ಪೊಲೀಸರುಂಟು, ಕೊಲೆಗೆ ನ್ಯಾಯಸ್ಥಾನವುಂಟು. ಈ ಕಡೆಯ ನಾಲ್ಕಕ್ಕೆ ಬಹುಮಟ್ಟಿಗೆ ಯಾವ ದಂಡನೆಯೂ ಇಲ್ಲ. ದುಡಿಮೆಯ ಸ್ಥಳಗಳನ್ನು ಕೆಡಿಸುವವು ಮುಖ್ಯವಾಗಿ ಇವೇ ನಾಲ್ಕು.

ಮೇಲಧಿಕಾರಿಯ ಕೋಪವು ಇಳಿದು ಬರುವಾಗ ಪ್ರತಿ ಮೆಟ್ಟಿಲಲ್ಲಿಯೂ ತೂಕವನ್ನು ಹೆಚ್ಚಿಸಿಕೊಂಡು ಕಟ್ಟಕಡೆಯವನ ತಲೆಯ ಮೇಲೆ ಬೀಳುತ್ತದೆ. ಅಸಹ್ಯಭಾವವು ನೀರಿನ ಲೋಟವನ್ನು ಬೇರೆಯಿಡಿಸುತ್ತದೆ, ಊಟದ ಪಂಕ್ತಿಯನ್ನು ಬೇರೆ ಮಾಡಿಸುತ್ತದೆ. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆಯಾದರೂ, ಕಣ್ಣಿನ ನೋಟದಲ್ಲಿ ಉಳಿದ ಅಸ್ಪೃಶ್ಯತೆಯನ್ನು ಮನಸ್ಸೇ ರದ್ದುಪಡಿಸಬೇಕು. ಆತ್ಮಪ್ರಶಂಸೆಯು ಹತ್ತು ಜನರ ದುಡಿಮೆಯನ್ನು ಒಬ್ಬನ ಹೆಸರಿಗೆ ಬರೆಯಿಸಿಕೊಳ್ಳುತ್ತದೆ. ಇದನ್ನು ವಿಚಾರಿಸಿ ನೋಡಿದರೆ ಮೊದಲನೆಯ ನಿಷೇಧವಾದ ಕಳವಿನ ಸೋದರಿಯೇ ಸರಿ. ಪರನಿಂದೆಯು ಎದುರಿನಲ್ಲಿ ಹೇಳಬೇಕಾದುದನ್ನು ಬೆನ್ನ ಹಿಂದೆ ಹೇಳಿಸಿ, ಒಂದೇ ಕೊಠಡಿಯಲ್ಲಿ ಕುಳಿತವರ ನಡುವೆ ಗೋಡೆಯನ್ನು ಎಬ್ಬಿಸುತ್ತದೆ.

ಲಕ್ಕಮ್ಮನು ತಿದ್ದಿದ ರೀತಿ

ಗೌರವವೆಂದರೆ ತಪ್ಪನ್ನು ಕಂಡೂ ಸುಮ್ಮನಿರುವುದೇ? ಅಲ್ಲ. ಆಯ್ದಕ್ಕಿಯ ಮಾರಯ್ಯ ಲಕ್ಕಮ್ಮರ ಪ್ರಸಂಗವು ಇದಕ್ಕೆ ಉತ್ತರ ಕೊಡುತ್ತದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಇಂತಹ ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಸಲ್ಲದು ಎಂಬ ಅರ್ಥದಲ್ಲಿ ತಿಳಿಯಹೇಳಿ, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಲಕ್ಕಮ್ಮನು ತಪ್ಪನ್ನು ತಪ್ಪೆಂದೇ ಹೇಳಿದಳು. ಹೇಳುವಾಗ ಮಾರಯ್ಯನ ಹೀನಾಯ ಮಾಡದೆ, ಆತನು ಮಾಡಬೇಕಾದುದೇನೆಂಬುದನ್ನು ತೋರಿಸಿದಳು. ಮಾರಯ್ಯನು, ಹೆಂಡತಿಯ ಮಾತೆಂದು ಹಗುರವಾಗಿ ಬಗೆಯದೆ, ಮಾತಿನ ಸತ್ಯವನ್ನು ನೋಡಿ ನಡೆದನು. ತಿದ್ದುವವರಿಗೆ ಮೊದಲಿನ ಎರಡು ಪಾಠ, ತಿದ್ದಿಸಿಕೊಳ್ಳುವವರಿಗೆ ಮೂರನೆಯದು.

ಈ ಪ್ರಸಂಗಕ್ಕೆ ಇನ್ನೊಂದು ಮುಖವೂ ಉಂಟು. ಸಲ್ಲಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬುದು ದುಡಿಯುವವನಿಗೆ ಮಾತ್ರ ಹೇಳಿದ ಮಾತಲ್ಲ. ಎಂಟು ತಾಸಿಗೆ ಸಂಬಳ ಕೊಟ್ಟು ಹತ್ತು ತಾಸು ದುಡಿಸಿಕೊಳ್ಳುವವನ ಸೆರಗಿನಲ್ಲಿಯೂ ಆ ಹೆಚ್ಚಿನ ಅಕ್ಕಿ ಇದೆ. ರಾತ್ರಿಯ ವೇಳೆಯಲ್ಲಿ ದೂರವಾಣಿಯ ಮೂಲಕ ಕೆಲಸ ಹೇಳಿ, ಮಗುವಿನ ಪಕ್ಕದಲ್ಲಿ ಕುಳಿತ ತಂದೆಯನ್ನು ಎಬ್ಬಿಸುವವನ ಸೆರಗಿನಲ್ಲಿಯೂ ಇದೆ. ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹೇಳುವ ಲಕ್ಕಮ್ಮನಂತಹವರು ಪ್ರತಿಯೊಂದು ಸಂಸ್ಥೆಯಲ್ಲಿ ಇರಬೇಕು. ಅವರು ಹೇಳಿದಾಗ ಕೇಳುವ ಕಿವಿಯೂ ಇರಬೇಕು.

ನಿಯಮಕ್ಕೆ ಹೊರತಾದವರಿಲ್ಲ

ಹುಲ್ಲಿನಿಂದ ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯನ ಕಥೆಯು ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಆತನು ಕಾಯಕವನ್ನು ಬಿಡದೆ ಮುಂದುವರಿದನು. ಮಡಿವಾಳ ಮಾಚಯ್ಯನು ಬಂದು ಬುದ್ಧಿ ಹೇಳಬೇಕಾಯಿತು. ಗುರುವಾದರೂ ಲಿಂಗವಾದರೂ ಜಂಗಮವಾದರೂ ಕಾಯಕಕ್ಕೆ ಹೊರತಲ್ಲವೆಂಬುದು ಚಂದಯ್ಯನ ನಿಲುವು. ಲಿಂಗಕ್ಕೇ ವಿನಾಯಿತಿ ಕೊಡದ ಈ ಧರ್ಮದಲ್ಲಿ ಅಧ್ಯಕ್ಷನಿಗೆ, ಕಾರ್ಯದರ್ಶಿಗೆ, ಮುಖ್ಯೋಪಾಧ್ಯಾಯನಿಗೆ ವಿನಾಯಿತಿ ಎಲ್ಲಿಯದು? ತಾನು ಹನ್ನೊಂದಕ್ಕೆ ಬಂದು, ಹತ್ತೂಕಾಲಿಗೆ ಬಂದವನ ರಜೆಯನ್ನು ಕಡಿಯುವವನು ನಿಯಮವನ್ನು ಪಾಲಿಸುತ್ತಿಲ್ಲ; ನಿಯಮದಿಂದ ಹೊಡೆಯುತ್ತಿದ್ದಾನೆ. ಲೋಕವನ್ನು ತಿದ್ದ ಹೊರಡುವ ಮೊದಲು ತಮ್ಮ ತನುವನ್ನೂ ಮನವನ್ನೂ ಸರಿಪಡಿಸಿಕೊಳ್ಳಬೇಕೆಂಬ ಬಸವಣ್ಣನವರ ಎಚ್ಚರಿಕೆಯು ಹೊಣೆಗಾರಿಕೆಯ ಸ್ಥಾನದಲ್ಲಿರುವವರಿಗೆ ಮೊದಲು ಅನ್ವಯಿಸುವುದು.

ಬಾಗಿಲ ಕಸ ಗುಡಿಸುವ ಕಾಯಕದ ಸತ್ಯಕ್ಕನು ಲಂಚಕ್ಕೂ ವಂಚನೆಗೂ ಕೈಚಾಚೆನೆಂಬ ವ್ರತವನ್ನು ವಚನದಲ್ಲಿ ಸಾರಿದ್ದಾಳೆ. ಪೊರಕೆ ಹಿಡಿದ ಕೈ ಅಷ್ಟು ಶುದ್ಧವಾಗಿರಬಲ್ಲುದಾದರೆ ಲೇಖನಿ ಹಿಡಿದ ಕೈಗೆ ಬೇರೊಂದು ಅಳತೆ ಸಲ್ಲದು.

ಮಾತನಾಡಲು ಎಡೆ

ಅನುಭವಮಂಟಪದ ಹಿರಿಮೆಯು ಅಲ್ಲಿ ಆಡಿದ ಮಾತುಗಳಲ್ಲಿ ಎಷ್ಟಿದೆಯೋ, ಯಾರು ಆಡಿದರೆಂಬುದರಲ್ಲಿಯೂ ಅಷ್ಟೇ ಇದೆ. ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ರಾಜ್ಯದ ಮಂತ್ರಿಯೂ ದೋಣಿಯ ಅಂಬಿಗನೂ ಸಮಾನವಾಗಿ ನುಡಿದರು. ಮಹಾದೇವಿಯಕ್ಕನು ಕಠಿಣವಾದ ಪ್ರಶ್ನೆಗಳಿಗೆ ಅಂಜದೆ ಉತ್ತರ ಕೊಟ್ಟಳು. ಮಹಿಳೆಯು ಭಯವಿಲ್ಲದೆ ಮಾತನಾಡಬಲ್ಲ ಸ್ಥಳವೇ ಸಂಸ್ಕಾರವುಳ್ಳ ಸ್ಥಳವೆಂಬುದನ್ನು ಕಲ್ಯಾಣವು ತೋರಿಸಿತು.

ಈ ದಿಕ್ಕಿನಲ್ಲಿ ದೇಶದ ಕಾನೂನು ಬಹಳ ತಡವಾಗಿ ಹೆಜ್ಜೆಯಿಟ್ಟಿತು. ದುಡಿಯುವ ಸ್ಥಳದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ವಿಶಾಖಾ ಪ್ರಕರಣದ ತೀರ್ಪಿನಲ್ಲಿ ಮಾರ್ಗಸೂತ್ರಗಳನ್ನು ವಿಧಿಸಿತು. 2013ರಲ್ಲಿ ಸಂಸತ್ತು ಅದಕ್ಕಾಗಿಯೇ ಕಾಯಿದೆಯನ್ನು ಮಾಡಿತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಮುಖ್ಯಸ್ಥೆಯು ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು ಎಂದು ಆ ಕಾಯಿದೆಯು ವಿಧಿಸುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ದುಡಿಮೆಯ ಲೋಕದ ಹಿಂಸೆ ಕಿರುಕುಳಗಳ ವಿರುದ್ಧ ತನ್ನ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಇವೆಲ್ಲ ಅವಶ್ಯಕವಾದ ಬೇಲಿಗಳು. ಸಮಿತಿಯ ಹೆಸರನ್ನು ಗೋಡೆಗೆ ಅಂಟಿಸಿ, ದೂರು ಹೇಳಬಂದವಳನ್ನೇ ಹಳಿಯುವ ಸ್ಥಳದಲ್ಲಿ ಬೇಲಿಯುಂಟು, ಬೆಳೆಯಿಲ್ಲ. ಧರ್ಮದ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳೂ ಈ ಮಾತಿಗೆ ಹೊರತಲ್ಲ; ಸಂಸ್ಥೆಯ ಮಾನವನ್ನು ಕಾಯುವ ನೆಪದಿಂದ ಒಬ್ಬಳ ಮಾನವನ್ನು ಬಲಿಗೊಡುವುದು ಶರಣಮಾರ್ಗವಲ್ಲ.

ಒಂದು ನಿದರ್ಶನ

ವಿಷಯವು ಮನಸ್ಸಿಗೆ ನಾಟುವಂತೆ ಒಂದು ಸಾಮಾನ್ಯ ಸಂದರ್ಭವನ್ನು ಊಹಿಸಿಕೊಳ್ಳಬಹುದು. ಒಂದು ಪ್ರಸಾದನಿಲಯದಲ್ಲಿ ನೂರು ಮಂದಿ ವಿದ್ಯಾರ್ಥಿಗಳು ಊಟಕ್ಕೆ ಕುಳಿತಿದ್ದಾರೆ. ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ. ವ್ಯವಸ್ಥಾಪಕನು ಅಡುಗೆಯವನನ್ನು ಪಂಕ್ತಿಯ ನಡುವೆ ನಿಲ್ಲಿಸಿ ಬೈಯುತ್ತಾನೆ. ಆಗ ಸಾರಿನ ಉಪ್ಪು ಕಡಿಮೆಯಾಗುವುದಿಲ್ಲ. ಆದರೆ ನೂರು ಮಂದಿ ಹುಡುಗರು ಒಂದು ಪಾಠ ಕಲಿಯುತ್ತಾರೆ: ಅಧಿಕಾರವೆಂದರೆ ಬೈಯುವ ಹಕ್ಕು. ನಾಳೆ ಅವರೂ ಅಧಿಕಾರಿಗಳಾದಾಗ ಆ ಪಾಠವನ್ನು ಮರೆಯುವುದಿಲ್ಲ.

ಇನ್ನೊಬ್ಬ ವ್ಯವಸ್ಥಾಪಕನು ಊಟ ಮುಗಿದ ಮೇಲೆ ಅಡುಗೆಯವನನ್ನು ಪಕ್ಕಕ್ಕೆ ಕರೆದು, ‘ಇಂದು ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತಲ್ಲ ಅಣ್ಣಾ, ಏನಾಯಿತು?’ ಎಂದು ಕೇಳುತ್ತಾನೆ. ಸಹಾಯಕನು ಜ್ವರದಿಂದ ಮೂರು ದಿನ ಬಂದಿಲ್ಲವೆಂದೂ, ನಸುಕಿನ ನಾಲ್ಕು ಗಂಟೆಯಿಂದ ಒಬ್ಬನೇ ಒಲೆಯ ಮುಂದೆ ನಿಂತಿರುವನೆಂದೂ, ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದನೆಂದೂ ಆಗ ತಿಳಿಯುತ್ತದೆ. ಉಪ್ಪು ಹೆಚ್ಚಾದುದು ಕಾರ್ಯ. ಕೈ ಕಡಿಮೆಯಾದುದು ಕಾರಣ. ಬೈದವನಿಗೆ ಕಾರ್ಯ ಮಾತ್ರ ಕಂಡಿತು. ಕೇಳಿದವನಿಗೆ ಕಾರಣವೂ ದೊರೆಯಿತು. ಮರುದಿನಕ್ಕೆ ಇನ್ನೊಬ್ಬ ಸಹಾಯಕನನ್ನು ಒದಗಿಸಿದಾಗ ತಪ್ಪು ಬೇರುಸಹಿತ ಹೋಗುತ್ತದೆ. ದಯೆಯನ್ನು ಧರ್ಮದ ಮೂಲವೆಂದು ಬಸವಣ್ಣನವರು ಕಂಡರು. ವಿಚಾರಿಸಿ ನೋಡಿದರೆ ಒಳ್ಳೆಯ ಆಡಳಿತಕ್ಕೂ ಅದೇ ಮೂಲ.

ಒಂದು ಆಕ್ಷೇಪ

ಮೃದುವಾಗಿ ನಡೆದರೆ ಕೆಲಸ ನಡೆಯದು, ಸಲಿಗೆ ಕೊಟ್ಟರೆ ಶಿಸ್ತು ಕೆಡುವುದು ಎಂದು ಆಕ್ಷೇಪಿಸುವವರುಂಟು. ಶರಣರು ಎಲ್ಲ ವೇಳೆಯಲ್ಲಿಯೂ ಮೃದುವಾಗಿ ಮಾತನಾಡಿದವರಲ್ಲವೆಂಬುದು ನಿಜ. ಅಂಬಿಗರ ಚೌಡಯ್ಯನ ವಚನಗಳ ಕಟುತ್ವವನ್ನು ಬಲ್ಲವರು ಬಲ್ಲರು. ಆದರೆ ಆ ಕಟುತ್ವವು ಯಾರ ಮೇಲೆ ಬಿದ್ದಿತೆಂಬುದನ್ನು ನೋಡಬೇಕು. ಡಾಂಭಿಕರು, ವೇಷಧಾರಿಗಳು, ಕುಲದ ಗರ್ವದಿಂದ ಬೀಗಿದವರು, ಇವರ ಮೇಲೆ ಆತನ ನುಡಿಯು ಎರಗಿತು. ದುಡಿದು ದಣಿದವನ ಮೇಲಲ್ಲ. ಲೋಕದಲ್ಲಿ ನಡೆಯುವುದು ಇದಕ್ಕೆ ತಿರುಗಮುರುಗ. ಬಲವಂತನೆದುರು ನಾಲಗೆಗೆ ಜೇನು, ದುರ್ಬಲನೆದುರು ನಾಲಗೆಗೆ ಅಲಗು. ಶಿಸ್ತು ಬೇಡವೆಂದು ಯಾರೂ ಹೇಳುವುದಿಲ್ಲ. ಕೆಲಸ ಕೆಟ್ಟಾಗ ವಿಚಾರಣೆ ನಡೆಯಲಿ, ಬೇಕಾದಲ್ಲಿ ದಂಡನೆಯೂ ಆಗಲಿ. ಆದರೆ ಅವಮಾನವು ದಂಡನೆಯ ಪಟ್ಟಿಯಲ್ಲಿ ಇರತಕ್ಕದ್ದಲ್ಲ. ಭಯದಿಂದ ಮಾಡಿದ ಕೆಲಸವು ಅಧಿಕಾರಿಯ ಕಣ್ಣಿರುವ ತನಕ ನಡೆಯುವುದು. ಗೌರವದಿಂದ ಹುಟ್ಟಿದ ಕೆಲಸವು ಕಣ್ಣು ಸರಿದ ಮೇಲೂ ನಡೆಯುವುದು. ಇವುಗಳಲ್ಲಿ ಶಿಸ್ತು ಯಾವುದು?

ಅನುಷ್ಠಾನಕ್ಕೆ

ಓದಿ ಬಿಟ್ಟ ತತ್ತ್ವವು ಹೊತ್ತಗೆಯಲ್ಲಿಯೇ ಉಳಿಯುವುದು. ಆದುದರಿಂದ ಸದ್ಭಕ್ತರು ಒಂದು ತಿಂಗಳ ಕಾಲ ಈ ಐದನ್ನು ಆಚರಿಸಿ ನೋಡಬಹುದು.

1. ತಾವು ದುಡಿಯುವ ಸ್ಥಳದಲ್ಲಿ ಅತ್ಯಂತ ಕಡಿಮೆ ಸಂಬಳದವರ ಹೆಸರನ್ನು ತಿಳಿದು, ಬಹುವಚನದಿಂದ ಕರೆಯುವುದು.

2. ವಂದನೆಗೆ ಕಾಯದೆ ತಾವೇ ಮೊದಲು ವಂದಿಸುವುದು.

3. ತಪ್ಪನ್ನು ಏಕಾಂತದಲ್ಲಿ ತಿಳಿಸುವುದು, ಒಳಿತನ್ನು ಹತ್ತು ಜನರ ಎದುರಿನಲ್ಲಿ ಹೇಳುವುದು.

4. ಇಲ್ಲದವರ ವಿಷಯದಲ್ಲಿ, ಅವರು ಎದುರಿಗಿದ್ದರೆ ಆಡಬಹುದಾದ ಮಾತನ್ನು ಮಾತ್ರ ಆಡುವುದು.

5. ದಿನದ ಕೊನೆಗೆ, ಇತರರಿಗೆ ಸಲ್ಲಬೇಕಾದ ವೇಳೆ, ಸಂಬಳ, ಹೆಸರು ಇವುಗಳಲ್ಲಿ ಯಾವುದಾದರೂ ತಮ್ಮ ಸೆರಗಿನಲ್ಲಿ ಹೆಚ್ಚಾಗಿ ಬಂದಿದೆಯೇ ಎಂದು ನೋಡಿಕೊಂಡು, ಇದ್ದರೆ ಮರಳಿಸುವುದು.

ಇವುಗಳಲ್ಲಿ ಯಾವುದಕ್ಕೂ ಹಣ ಬೇಡ, ಮೇಲಿನವರ ಅಪ್ಪಣೆಯೂ ಬೇಡ. ಇಂದು ಸಂಜೆ ಬಾಗಿಲು ಹಾಕಿ ಬೀಗ ತಿರುಗಿಸುವ ಕಾವಲುಗಾರನಿಂದಲೇ ಆರಂಭಿಸಬಹುದು. ಆತನು ‘ಶರಣು’ ಎಂದಾಗ ತಲೆಯನ್ನಷ್ಟೇ ಅಲ್ಲಾಡಿಸಿ ಹೋಗದೆ, ಒಂದು ಗಳಿಗೆ ನಿಂತು, ಬಸವಣ್ಣನವರು ಹರಳಯ್ಯನಿಗೆ ಹೇಳಿದಂತೆ ‘ಶರಣು ಶರಣಾರ್ಥಿ’ ಎಂದು ಹೇಳಿದರೆ, ಅಷ್ಟರ ಮಟ್ಟಿಗೆ ಆ ಸ್ಥಳವು ಕಲ್ಯಾಣವಾಗುವುದು.